ಮೊದಲು ಇಳಿಯುವವರು

ಶೂಹೇಯಿ,

ವಾಡಿಕೆಯಂತೆ ಚಳಿಯ ಸಮಾಚಾರ ಬರೆದು ಪತ್ರ ಶುರುಮಾಡುವ ವ್ಯವಧಾನವಿಲ್ಲ. ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಇದನ್ನು ನಿಮ್ಮ ಡ್ರಮ್ಮರ್ ನಾಗಿಸಾಳ ಕೈಯಲ್ಲಿ ಕಳಿಸುತ್ತಿದ್ದೇನೆ.

ನಮ್ಮ ಮಹಡಿಯಲ್ಲಿ ರೆಕಾರ್ಡ್ ಮಾಡಿದ, ಯಾರೂ ಕೇಳದೆ ಮೂಲೆಗೆ ಬಿದ್ದ ನಿಮ್ಮ ರಾಕ್ ಬ್ಯಾಂಡಿನ ಮೊದಲ ಸಿ.ಡಿ.ಯನ್ನು ಮತ್ತೆ ಹೊರತರುತ್ತೀರಂತೆ. ನಾಳೆ ಅದರೊಳಗಿನ ಗದ್ದಲವನ್ನೆಲ್ಲ ಅಳಿಸುತ್ತೀಯಂತೆ.

ಕೊನೆಯ ಹಾಡಿನ ನಡುವೆ ನಾನು, "ಸ್ನಾನದ ನೀರು ಆರಿಹೋಗ್ತಿದೆ, ಗಿಟಾರು ಕೆಳಗಿಡ್ರೋ" ಎಂದು ಕೂಗಿದ್ದನ್ನು ಅಳಿಸು. ನಿನಗದು ನಾಚಿಕೆ, ಗೊತ್ತು.

ಆದರೆ ನನ್ನ ಕೂಗಿನ ಬೆನ್ನಿಗೇ ನಿನ್ನಪ್ಪನ ದನಿಯಿದೆ. ಮನೆಮಂದಿಯೆಲ್ಲ ಸರದಿಯಲ್ಲಿ ಇಳಿಯುವ ಬಿಸಿನೀರಿನ ತೊಟ್ಟಿಗೆ ದಿನಾ ಮೊದಲು ಇಳಿಯುತ್ತಿದ್ದವರು ಅವರು. ಬಂದ ನೆಂಟರಿಗೂ ಆ ಸರದಿ ಬಿಟ್ಟುಕೊಟ್ಟವರಲ್ಲ. ನಿನ್ನ ಹಾಡಿನ ಬಗ್ಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲವೆಂದು ಅವರ ಅಂತ್ಯಕ್ರಿಯೆಯಲ್ಲೂ ನೀನು ಮುಖ ಬಿಗಿದುಕೊಂಡು ಕೂತಿದ್ದೆ.

ಅಳಿಸುವ ಮೊದಲು ಹೆಡ್‌ಫೋನ್ ಹಾಕಿಕೊಂಡು ಕೇಳು. "ಸುಮ್ನಿರೇ, ಹುಡುಗರು ಹಾಡು ಮುಗಿಸ್ಲಿ. ಇವತ್ತು ಅವರೇ ಮೊದಲು ಇಳೀಲಿ, ನಾನು ಆಮೇಲೆ ಇಳೀತೀನಿ" ಅನ್ನುತ್ತಾರೆ.

ಎರಡು ದನಿಗಳನ್ನು ಬಿಡಿಸಲು ಆಗದಿದ್ದರೆ ನನ್ನ ಕೂಗೂ ಇರಲಿ. ಜನ ನಕ್ಕರೆ ನಗಲಿ.

ಅಮ್ಮ
ಹಚಿನೋಹೆಯ ಮನೆಯಿಂದ