ರಜಾಕ್ ಮೇಷ್ಟ್ರ ಪೆಟ್ಟಿಗೆಯಲ್ಲಿ ನುಡಿಯದ ಸ್ವರ

ಸೊರಬ
೧೨-೨-೧೯೫೮

ಪ್ರೀತಿಯ ತಮ್ಮ ಮಹೇಶನಿಗೆ, ಅಕ್ಕನ ಆಶೀರ್ವಾದ.

ನಿನ್ನ ಗಂಟಲು ಈಗ ಹೇಗಿದೆ? ಮದರಾಸಿನ ನೀರು ಒಗ್ಗುತ್ತಿಲ್ಲ ಎಂದು ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಜ್ಯೇಷ್ಠಮಧು ಬಾಯಲ್ಲಿಟ್ಟುಕೋ, ತಣ್ಣೀರು ಕುಡಿಯಬೇಡ. ಇಲ್ಲಿ ನಿನ್ನ ಭಾವನವರು, ಮಕ್ಕಳು ಚೆನ್ನಾಗಿದ್ದಾರೆ. ಶಿಕಾರಿಪುರದಲ್ಲಿ ಅವ್ವನ ಮಂಡಿನೋವು ಹಾಗೇ ಇದೆ. ಆದರೂ ಹೋಟೆಲಿನ ರೇಡಿಯೋದಲ್ಲಿ ನಿನ್ನ ಹಾಡು ಬಂದರೆ ಕುಂಟುತ್ತಾ ರಸ್ತೆಗೆ ಬಂದು ನಿಲ್ಲುತ್ತಾಳಂತೆ. ಕ್ಷೇಮ ಸಮಾಚಾರ ಇಷ್ಟು ಸಾಕು. ಇನ್ನು ಬರೆಯುವುದೆಲ್ಲ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಕೂತು ಓದು.

ವಾರಪತ್ರಿಕೆಯಲ್ಲಿ ನಿನ್ನ ಫೋಟೋ ಹಾಕಿ ಎರಡು ಪುಟ ಬರೆದಿದ್ದಾರೆ. ನಿನ್ನ ಭಾವನವರು ತಂದುಕೊಟ್ಟರು. ನಿನಗೆ ಹೆಸರು ತಂದುಕೊಟ್ಟ ಆ ಹಾಡಿನಲ್ಲಿ ಪಲ್ಲವಿಯ ಕೊನೆಗೆ ದನಿ ಒಂದು ಸ್ವರವನ್ನು ಬಿಟ್ಟು ಮೇಲಕ್ಕೆ ಹಾರುತ್ತದಲ್ಲ, ಅದು ಹೊಳೆಯ ನೀರು ಕಲ್ಲಿಂದ ಕಲ್ಲಿಗೆ ಹಾರುವುದನ್ನು ನೋಡಿ ನಿನಗೆ ತಾನಾಗಿ ಹೊಳೆಯಿತು ಎಂದು ಹೇಳಿದ್ದೀಯ. ಯಾವ ಹೊಳೆಯಪ್ಪಾ? ಬಟ್ಟೆ ಒಗೆಯಲು ಜೊತೆಗೆ ಬಾ ಎಂದರೆ ಜಿಗಣೆ ಹತ್ತುತ್ತದೆ ಎಂದು ದಡದಲ್ಲೇ ನಿಂತು ಅಳುತ್ತಿದ್ದವನು ನೀನು.

ಆ ಮಟ್ಟು ಹುಟ್ಟಿದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ಕಣ್ಣೆದುರಿಗೆ. ನೀನು ಪಾತ್ರ ಮಾಡುತ್ತಿದ್ದ ಉಜ್ಜಪ್ಪನವರ ನಾಟಕ ಕಂಪನಿ ಬಂದಳಿಕೆಗೆ ಹೊರಟಿದ್ದಾಗ ಗಾಡಿ ಹಳ್ಳದಲ್ಲಿ ಮಗುಚಿ ರಜಾಕ್ ಮೇಷ್ಟ್ರ ಹಾರ್ಮೋನಿಯಂ ನೀರು ಕುಡಿಯಿತು. ಒಣಗಿಸಿದ ಮೇಲೂ ಒಂದು ರೀಡು ನುಡಿಯಲಿಲ್ಲ, ಒತ್ತಿದರೆ ಬರೀ ಗಾಳಿ. ಪೆಟ್ಟಿಗೆಯಲ್ಲಿ ಬಾರದ ಸ್ವರವನ್ನು ನಟನೂ ಹಾಡಬಾರದು ಎಂಬುದು ಕಂಪನಿಯ ಕಟ್ಟಳೆ. ಹಾಡಿದರೆ ಪೆಟ್ಟಿಗೆ ಕೆಟ್ಟಿದೆ ಎಂದು ಜನಕ್ಕೆ ತಿಳಿದುಬಿಡುತ್ತದೆ. ಅದಕ್ಕೆ ಮೇಷ್ಟ್ರು ಎರಡು ದಿನ ಕೂತು, ಕಟ್ಟಿದ ಮಟ್ಟನ್ನೇ ಬಿಚ್ಚಿ, ಆ ಸ್ವರ ತಪ್ಪಿಸಿ ಮತ್ತೆ ಕಟ್ಟಿದರು. ನಾನು ಅವಲಕ್ಕಿ ತಂದಿಟ್ಟರೆ ತಟ್ಟೆಯ ಕಡೆಗೂ ನೋಡಲಿಲ್ಲ. ನೀನು ಅವರ ಮುಂದೆ ಕೂತು ನಲವತ್ತು ಸಲ ತಪ್ಪು ಹಾಡಿ ನಲವತ್ತೊಂದನೆಯ ಸಲ ಸರಿ ಹಾಡಿದೆ. ನಿನ್ನ ಪಾಲು ಅಷ್ಟೇ. ಅದು ಕಡಿಮೆಯೆಂದು ನಾನು ಹೇಳುವುದಿಲ್ಲ, ನಿನ್ನ ಕಂಠ ದೇವರು ಕೊಟ್ಟದ್ದು. ಆದರೆ ಮಟ್ಟು ಕೊಟ್ಟವರು ಮೇಷ್ಟ್ರು.

ಕಂಪನಿಯವರೆಲ್ಲ ಈಗ ಏನು ಮಾಡುತ್ತಿದ್ದಾರೆ ಎಂದು ಒಂದು ದಿನವಾದರೂ ಕೇಳಿದ್ದೀಯಾ? ತಬಲಾ ಬಾರಿಸುತ್ತಿದ್ದ ಸಣ್ಣಪ್ಪ ಈಗ ಜಡೆ ಊರಿಗೆ ಹೋಗುವ ಬಸ್ಸಿನ ಕಂಡಕ್ಟರು. ಜನ ಹತ್ತಿ ಇಳಿಯುವವರೆಗೆ ಬಸ್ಸಿನ ತಗಡಿನ ಮೇಲೆ ಬೆರಳಾಡಿಸುತ್ತಿರುತ್ತಾನೆ. ನಿನ್ನ ಜೊತೆ ಯುಗಳಗೀತೆ ಹಾಡುತ್ತಿದ್ದ ಜಗದಾಂಬ ಶಿರಾಳಕೊಪ್ಪದ ಸಂತೆಯಲ್ಲಿ ಬಳೆ ಮಾರುತ್ತಾಳೆ. ಒಂದು ರೀಡು ಹಾಕಿಸಿಕೊಡಿ ಎಂದರೆ ನಾಳೆ ನಾಳೆ ಎಂದು ಕಂಪನಿ ಮುಚ್ಚುವವರೆಗೂ ದಿನ ದೂಡಿದ ಉಜ್ಜಪ್ಪನವರು ಹಿಟ್ಟಿನ ಗಿರಣಿ ಹಾಕಿ ದೊಡ್ಡ ಮನುಷ್ಯರಾಗಿದ್ದಾರೆ. ಯುಗಾದಿ ಕಳೆದ ಮೇಲೆ ನಿನಗೆ ಊರಲ್ಲಿ ಸನ್ಮಾನವಂತೆ, ಅದಕ್ಕೆ ಅವರೇ ಅಧ್ಯಕ್ಷರು. ಹುಡುಗನನ್ನು ತಯಾರು ಮಾಡಿದ್ದು ನಾನೇ ಎಂದು ಗಿರಣಿಗೆ ಬಂದವರಿಗೆಲ್ಲ ಹೇಳುತ್ತಾರೆ. ರಜಾಕ್ ಮೇಷ್ಟ್ರು ಊರ ಪಾತ್ರೆಗಳಿಗೆ ಕಲಾಯಿ ಹಾಕುತ್ತಾರೆ. ಹಾರ್ಮೋನಿಯಂ ತಿದಿ ಒತ್ತಿದ ಕೈಯಲ್ಲಿ ಈಗ ಇದ್ದಿಲ ಒಲೆಯ ತಿದಿ ಒತ್ತುತ್ತಾರೆ.

ಅದನ್ನೂ ಸಹಿಸಬಹುದಿತ್ತು. ಹೋದ ವಾರ ಶಿಕಾರಿಪುರದ ಒಂದು ಶಾಲೆಯಲ್ಲಿ ಮಕ್ಕಳ ನಾಟಕಕ್ಕೆ ಮೇಷ್ಟ್ರನ್ನು ಕರೆದಿದ್ದರು. ಎಷ್ಟೋ ವರ್ಷದ ಮೇಲೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಮೊದಲಿಗೆ ತಮ್ಮದೇ ಆ ಮಟ್ಟನ್ನು ನುಡಿಸಿದರು. ಹೊಸದಾಗಿ ಬಂದ ಒಬ್ಬ ಉಪಾಧ್ಯಾಯ ಎದ್ದು ನಿಂತು, "ಗ್ರಾಮಫೋನ್ ಪ್ಲೇಟಿನ ಹಾಡು ಕದ್ದು ಯಾಕೆ ನುಡಿಸ್ತೀರಿ ಸಾಬ್ರೇ, ಸ್ವಂತದ್ದು ಏನಾದ್ರೂ ಐತೇನು?" ಎಂದನಂತೆ. ಸಭೆಯೆಲ್ಲ ನಕ್ಕಿತಂತೆ. ಮೇಷ್ಟ್ರು ಪೆಟ್ಟಿಗೆ ಮುಚ್ಚಿ ಎದ್ದು ಬಂದರು. ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಹೋದೆ. ಅವರ ಹೆಂಡತಿ ಕುಬ್ರಾ ಬೀ ಬಾಗಿಲಲ್ಲೇ, "ಪೆಟ್ಟಿಗೇನ ಅಟ್ಟಕ್ಕೆ ಹಾಕ್ಯಾರೆ ನೀಲಮ್ಮ, ಇನ್ನು ಮುಟ್ಟಂಗಿಲ್ಲ ಅಂತಾರೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಯಾರ ಅಕ್ಕ ಎಂದು ನೆನೆದು ನನಗೆ ಒಳಗೆ ಹೋಗಲೂ ನಾಚಿಕೆಯಾಯಿತು.

ತಮ್ಮ ಹಾಡನ್ನು ತಾವೇ ಕದ್ದ ಕಳ್ಳರನ್ನಾಗಿ ಅವರನ್ನು ಮಾಡಿದವನು ನೀನು. ಆ ಉಪಾಧ್ಯಾಯನ ಮೇಲೆ ನನಗೆ ಸಿಟ್ಟಿಲ್ಲ, ಅವನು ನೀನು ಹೇಳಿದ್ದನ್ನು ಓದಿ ನಂಬಿದ. ಈ ಕಾಗದ ಕೈಸೇರಿದ ದಿನವೇ ಆ ಪತ್ರಿಕೆಗೆ ನಿನ್ನ ಕೈಯಾರೆ ಬರೆದು ಹಾಕು, ಮಟ್ಟು ರಜಾಕ್ ಮೇಷ್ಟ್ರದ್ದು ಎಂದು. ಸನ್ಮಾನದ ದಿನ ಹಾರ ಬೀಳುವ ಮೊದಲು ಅವರ ಹೆಸರು ನಿನ್ನ ಬಾಯಲ್ಲಿ ಬರಬೇಕು. ಬಾರದಿದ್ದರೆ ಹೆಂಗಸರ ಸಾಲಿನಿಂದ ಎದ್ದು ನಾನು ಹೇಳುತ್ತೇನೆ. ನಿನ್ನ ಭಾವನವರು ಬೇಡ ಎಂದಿದ್ದಾರೆ, ನಾನು ಕೇಳುವುದಿಲ್ಲ. ಅವ್ವ ಅಲ್ಲೇ ಕೂತಿರುತ್ತಾಳೆ ಎಂಬುದನ್ನು ಮರೆಯಬೇಡ.

ವೇಳೆಗೆ ಸರಿಯಾಗಿ ಊಟ ಮಾಡು. ಮಕ್ಕಳು ಮಾವನಿಗೆ ಶರಣು ಹೇಳಿದ್ದಾರೆ. ಶಿವ ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅಕ್ಕ,
ನೀಲಾಂಬಿಕ

ತಾ.ಕ.: ಕಾಗದವನ್ನು ಡಬ್ಬಿಗೆ ಹಾಕಲು ಹೊರಟವಳು ತಿರುಗಿ ಬಂದು ಬರೆಯುತ್ತಿದ್ದೇನೆ. ನಿನ್ನೆ ಸಣ್ಣಪ್ಪ ಹುಬ್ಬಳ್ಳಿಯಿಂದ ಆ ಒಂದು ರೀಡು ತರಿಸಿ, ನನ್ನನ್ನೂ ಕರೆದುಕೊಂಡು ಶಿಕಾರಿಪುರಕ್ಕೆ ಹೋದ. ನಾವಿಬ್ಬರೂ ಹಟ ಹಿಡಿದು ಪೆಟ್ಟಿಗೆ ಕೆಳಗಿಳಿಸಿದೆವು. ಮೇಷ್ಟ್ರು ರೀಡು ಕೂಡಿಸಿ, ಮೊದಲು ಕಟ್ಟಿದ್ದ ಮಟ್ಟನ್ನು ಪೂರಾ ನುಡಿಸಿದರು. ಹಾರುವುದೇ ಇಲ್ಲ ಮಹೇಶ, ಆ ಸ್ವರದ ಮೇಲೆ ಬಂದು ನಿಲ್ಲುತ್ತದೆ. ನನಗೆ ಅಳು ತಡೆಯಲಾಗಲಿಲ್ಲ. ಊರೂರಲ್ಲಿ ನೀನು ಹಾಡುತ್ತಿರುವುದು ಕೆಟ್ಟ ಪೆಟ್ಟಿಗೆಯ ಹಾಡು. ಮೇಷ್ಟ್ರು ನಿನ್ನನ್ನು ಒಂದು ಮಾತೂ ಬೈಯಲಿಲ್ಲ. "ಮಹೇಶನಿಗೆ ಇದನ್ನ ಪೂರಾ ಕಲಿಸಾಕೆ ಆಗಲಿಲ್ಲ ನೀಲಮ್ಮ, ತಪ್ಪು ನಂದೇ. ಬಂದಾಗ ಕಳಿಸ್ರಿ, ಹೇಳಿಕೊಡ್ತೀನಿ" ಎಂದರು. ಇದನ್ನು ನಿನಗೆ ತಿಳಿಸಬಾರದು ಎಂದೇ ಇದ್ದೆ.