ಕಲ್ಲು ಮಾಡಿದವರೇ ಜೀವ ಕೊಡಬೇಕು

ಜೂನ್ 16, ಸೋಮವಾರ

ಬೆಳಿಗ್ಗೆ ಹಾಲು ಕಾಯಿಸಿದೆ. ರಾಗಿ ಮಾಲ್ಟ್ ಕದಡಿದೆ. ಲೋಟ ತೊಳೆದೆ. ಮಧ್ಯಾಹ್ನ ಅನ್ನ, ಸಾಂಬಾರು, ಸಾಂಬಾರಿಗೆ ಬೀನ್ಸು ಮತ್ತು ಮೂಲಂಗಿ. ಮಕ್ಕಳು ಅನ್ನ ತಿಂದರು. ತರಕಾರಿಯನ್ನೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ತಟ್ಟೆಯ ಅಂಚಿಗಿಟ್ಟರು. ಅಲ್ಲಿಂದ ಹೊಂಗೆ ಮರದ ಬುಡಕ್ಕೆ. ಅಲ್ಲಿ ಸಣ್ಣಯ್ಯನವರ ಮೇಕೆ ಕಾಯುತ್ತಿರುತ್ತದೆ. ನಮ್ಮ ಸ್ಕೂಲಿನಲ್ಲಿ ಪೌಷ್ಟಿಕ ಆಹಾರ ತಿಂದು ಮಿರಮಿರ ಮಿಂಚುತ್ತಿರುವುದು ಅದೊಂದೇ.

‘ತಿನ್ನಿ’ ಎಂದು ಮಕ್ಕಳಿಗೆ ಹೇಳಿದೆ. ಅಷ್ಟರಲ್ಲಿ ಮೇಷ್ಟ್ರು ಬಂದರು. ಬಾಯಿ ಮುಚ್ಚಿಕೊಂಡಿತು.

ಮಕ್ಕಳ ಮುಂದೆ ಮಾತು ಬರುತ್ತದೆ. ದೊಡ್ಡವರು ಕಂಡರೆ ಹೋಗುತ್ತದೆ. ನಾನು ಬಿಸಿಯೂಟದ ಸಹಾಯಕಿ. ಹೆಡ್ ಕುಕ್ ರುಕ್ಮಿಣಮ್ಮನಿಗೆ ಇದು ದಿನಾ ತಮಾಷೆ. "ಅಷ್ಟು ದೊಡ್ಡ ಪಾತ್ರೆ ಎತ್ತೀಯ, ಒಂದು ಮಾತು ಎತ್ತಕ್ಕಾಗಕಿಲ್ವೇನೇ ಸೌಂದರ್ಯ?"

ಈ ಸ್ಕೂಲಿನಲ್ಲೇ ಐದನೇ ಕ್ಲಾಸ್ ಮುಗಿಸಿ ಹಳೇಬೀಡಿನ ಸ್ಕೂಲಿಗೆ ಒಂದು ದಿನ ಹೋಗಿದ್ದೆ. ಎದ್ದು ನಿಂತು ಹೆಸರು ಹೇಳು ಎಂದರು. ಎದ್ದು ನಿಂತೆ. ಅಷ್ಟೇ. ಮಾರನೇ ದಿನ ಹೋಗಲಿಲ್ಲ.

ಜೂನ್ 19

ಮೇಷ್ಟ್ರು ಗಂಗಾಧರಪ್ಪನವರು ಅಡುಗೆಕೋಣೆ ಬಾಗಿಲಿಗೆ ಬಂದರು. ಮೇಲಿನಿಂದ ಆರ್ಡರ್ — ಮಕ್ಕಳಿಗೆ ದಿನಾ ಅರ್ಧ ಗಂಟೆ ಮೈ ಬೆವರಬೇಕು. ಪಿ.ಟಿ. ಮೇಷ್ಟ್ರು ನಮ್ಮಂಥ ಸಣ್ಣ ಸ್ಕೂಲಿಗೆ ಎಲ್ಲಿ? ಇವರೇ ನಿನ್ನೆ ಡ್ರಿಲ್ ಮಾಡಿಸಲು ಹೋಗಿ, ಬಗ್ಗಿ, ಏಳಲಾಗದೆ ಕಂಬ ಹಿಡಿದುಕೊಂಡಿದ್ದರು.

"ಮಕ್ಳು ನಿನ್ ಮಾತು ಕೇಳ್ತವಮ್ಮ. ಒಂದರ್ಧ ಗಂಟೆ ಓಡ್ಸು."

ತಲೆ ಆಡಿಸಿದೆ. ಆಗುವುದಿಲ್ಲ ಎಂದು ಆಡಿಸಿದ್ದು. ಆಗುತ್ತದೆ ಎಂದು ತಿಳಿದು ಹೋದರು.

ಜೂನ್ 20

ಓಡಿಸಿದೆ. ಓಡಿದರು. ನಿಲ್ಲಿಸುವುದು ಹೇಗೆಂದು ಯೋಚಿಸಿರಲಿಲ್ಲ... ಮೇಷ್ಟ್ರು ನೋಡುತ್ತಿದ್ದರು, ಕೂಗಲು ಗಂಟಲು ಬರಲಿಲ್ಲ. ಸೌಟಿನಿಂದ ತಟ್ಟೆ ಬಡಿದೆ. ಎಲ್ಲರೂ ಊಟ ಎಂದುಕೊಂಡು ಕೈ ತೊಳೆದು ಸಾಲಾಗಿ ಕೂತುಬಿಟ್ಟರು.

ಜೂನ್ 22, ಭಾನುವಾರ

ಅಪ್ಪನ ಜೊತೆ ಹಳೇಬೀಡಿಗೆ. ಅಪ್ಪ ಅಲ್ಲಿ ಎಳನೀರು ಮಾರುತ್ತಾರೆ. ಚಿಕ್ಕವಳಿದ್ದಾಗಿನಿಂದ ಗುಡಿಯ ಸುತ್ತ ಕೂತು ದಿನ ಕಳೆದವಳು ನಾನು. ಕಲ್ಲಿನವರು ಒಳ್ಳೆಯವರು. ಯಾರ ಹೆಸರನ್ನೂ ಕೇಳುವುದಿಲ್ಲ.

ಒಬ್ಬಳು ಒಂದು ಕಾಲು ಎತ್ತಿ ನಿಂತಿದ್ದಾಳೆ. ಗಣಪತಿ ಅಷ್ಟು ಹೊಟ್ಟೆ ಇಟ್ಟುಕೊಂಡೂ ಕುಣಿಯುತ್ತಿದ್ದಾನೆ. ಕೃಷ್ಣ ಬೆಟ್ಟ ಎತ್ತಿದ್ದಾನೆ. ಇವರೆಲ್ಲ ಓಡುತ್ತಿದ್ದು, ಯಾರೋ ತಟ್ಟೆ ಬಡಿದಾಗ ಹಾಗೇ ನಿಂತುಬಿಟ್ಟವರ ಹಾಗೆ ಕಂಡರು.

ತಟ್ಟೆ!

ಜೂನ್ 24

ಹೊಸ ಆಟ. ಓಡಬೇಕು. ತಟ್ಟೆ ಬಡಿದರೆ ಗುಡಿಯ ಕಲ್ಲಿನ ಹಾಗೆ ನಿಲ್ಲಬೇಕು. ಅಲ್ಲಾಡಿದವರು ಔಟ್. ‘ಜೀವ’ ಎಂದರೆ ಮತ್ತೆ ಓಟ. ಕೊನೆಗೆ ಉಳಿದವರು ನಾಳೆಯ ಸಾಂಬಾರಿಗೆ ಯಾವ ತರಕಾರಿ ಎಂದು ಹೇಳಬಹುದು. ಹೇಳಿದವರು ಹಂಡೆಯ ಪಕ್ಕ ನಿಂತು ಎಲ್ಲರಿಗೂ ತಿನ್ನಿಸಬೇಕು.

ನಾಲ್ಕನೇ ಕ್ಲಾಸಿನ ನಂದಿತಾ ಕನ್ನಡಿ ನೋಡುವ ಬೇಲೂರಿನ ಸುಂದರಿ. ಅಂಗೈಯೇ ಕನ್ನಡಿ. ಒಂದನೇ ಕ್ಲಾಸಿನ ಪುಟ್ಟರಾಜು ಬೆಟ್ಟ ಎತ್ತುವ ಕೃಷ್ಣ. ಚಡ್ಡಿ ಜಾರಿದರೂ ಬೆಟ್ಟ ಇಳಿಸಲಿಲ್ಲ.

ಗೆದ್ದವನು ಇಂದುಧರ. ಮೂರನೇ ಕ್ಲಾಸ್. ಅವರಪ್ಪನದು ಬಸ್ ಸ್ಟಾಪಿನ ಅಂಗಡಿ. ಚಿಪ್ಸ್ ಪ್ಯಾಕೆಟ್ಟೇ ಅವನಿಗೆ ಮನೆದೇವರು. ತಟ್ಟೆ ಬಡಿದ ತಕ್ಷಣ ಕಾಲು ಮಡಿಸಿ ನೆಲಕ್ಕೆ ಕೂತ.

"ಅಕ್ಕಾ, ಇವ್ನು ಕೂತವ್ನೆ! ಮೋಸ!"

"ನಾನು ಬಸವಣ್ಣ ಕಣ್ರೋ. ಹಳೇಬೀಡಲ್ಲಿ ಬಸವಣ್ಣ ಎದ್ದು ನಿಂತಿರದ ಯಾರಾರ ನೋಡಿದ್ದೀರಾ?"

ಯಾರೂ ನೋಡಿಲ್ಲ. ನಾಳೆ ಆಲೂಗಡ್ಡೆ.

ಜುಲೈ 2

ವಾರವೆಲ್ಲ ಆಲೂಗಡ್ಡೆ. ಬಸವಣ್ಣ ಔಟಾಗುವುದೇ ಇಲ್ಲ.

ಇವತ್ತು ಜಗಳ ಬೇರೆ. ಮಕ್ಕಳು ಕಲ್ಲಾಗಿದ್ದಾಗ ಒಳಗೆ ರುಕ್ಮಿಣಮ್ಮನ ಕೈಯಿಂದ ತಟ್ಟೆ ಬಿತ್ತು. ಬಿಡುಗಡೆ ಎಂದುಕೊಂಡು ಅರ್ಧ ಜನ ಓಡಿದರು, ಅರ್ಧ ಜನ ನಿಂತರು. ಇಂದುಧರನೇ ಪಂಚಾಯ್ತಿ ಮಾಡಿದ. "ಕಲ್ಲಾದ್ಮೇಲೆ ತಟ್ಟೆ ಗಿಟ್ಟೆ ಲೆಕ್ಕಕ್ಕಿಲ್ಲ. ಅಕ್ಕ ಬಾಯಲ್ಲೇ ಜೀವ ಅನ್ಬೇಕು. ಬೇರೆ ಯಾರು ಅಂದ್ರೂ ಇಲ್ಲ." ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಮಕ್ಕಳ ಮುಂದೆ ತಾನೇ.

ಜುಲೈ 10

ನಿನ್ನೆ ಬಸವಣ್ಣ ಸೋತ! ಮೇಕೆ ಬಂದು ಕಿವಿ ನೆಕ್ಕಿತು, ಕಿಸಕ್ಕೆಂದು ನಕ್ಕುಬಿಟ್ಟ. ಒಂಟಿ ಕಾಲಲ್ಲಿ ನಿಂತಿದ್ದ ನಂದಿತಾ ಗೆದ್ದಳು. ಬೇಕೆಂದೇ ಸೋರೆಕಾಯಿ ಎಂದಳು. ಇವತ್ತು ಹಂಡೆಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕಾಲು ನೋಯಿಸ್ಕೊಂಡು ಗೆದ್ದಿರದು. ಒಂದು ಹೋಳು ಬಿಟ್ರೂ ನೋಡ್ತೀನಿ."

ಎಲ್ಲರೂ ತಿಂದರು. ಇಂದುಧರ ಕಣ್ಣು ಮುಚ್ಚಿಕೊಂಡು ತಿಂದ. ಆಮೇಲೆ ಕಣ್ಣು ಬಿಟ್ಟು ಇನ್ನೊಂದು ಸೌಟು ಕೇಳಿದ.

ಮೇಕೆ ಹೊಂಗೆ ಬುಡದಲ್ಲಿ ಬಹಳ ಹೊತ್ತು ಕಾದು ಹೋಯಿತು.

ಜುಲೈ 26, ಶನಿವಾರ

ಬರೆದು ಬಹಳ ದಿನವಾಯಿತು. ಬರೆಯುವಂಥದ್ದು ಇರಲಿಲ್ಲ. ಚೆನ್ನಾಗಿತ್ತು.

ಇವತ್ತು ಕೆಟ್ಟ ಸುದ್ದಿ. ಈ ವರ್ಷ ಮಕ್ಕಳು ಕಡಿಮೆ. ಅಡುಗೆಗೆ ಒಬ್ಬರು ಸಾಕೇ, ಇಬ್ಬರು ಬೇಕೇ ಎಂದು ನೋಡಲು ಬೇಲೂರಿನ ಬಿಸಿಯೂಟದ ಆಫೀಸಿನಿಂದ ಮೇಡಂ ಬರುತ್ತಾರಂತೆ, ಬುಧವಾರ. ಒಬ್ಬರು ಸಾಕು ಎಂದರೆ ಹೋಗುವವಳು ನಾನು. ರುಕ್ಮಿಣಮ್ಮ ಹಳಬರು.

"ಆಟ ಆಡ್ಸಿ ತೋರ್ಸು, ಮೇಡಂ ಕೇಳಿದ್ದಕ್ಕೆ ಎರಡು ಮಾತು ಹೇಳು, ಸಾಕು," ಎಂದರು ಮೇಷ್ಟ್ರು.

ಎರಡು ಮಾತಂತೆ. ಹೋದ ವರ್ಷ ಅರಸೀಕೆರೆಯಿಂದ ನನ್ನನ್ನು ನೋಡಲು ಬಂದವರು ಒಂದೇ ಮಾತು ಕೇಳಿದ್ದರು — ಹೆಸರೇನಮ್ಮ? ನಾನು ಒಳಗೆ ಹೋಗಿ ಇನ್ನೊಂದು ಸಲ ಕಾಫಿ ತಂದೆ. ಮತ್ತೆ ಕೇಳಿದರು. ಮತ್ತೆ ತಂದೆ. ಅವರು ಕಾಫಿ ಕುಡಿದು ಕುಡಿದು ಹೋದರು.

ಜುಲೈ 29

ಬೇರೆ ಎಲ್ಲಿ ಹೋಗಲಿ? ಸ್ಕೂಲು ಬಿಟ್ಟರೆ ನನಗೆ ಮಾತು ಬರುವ ಜಾಗವೇ ಇಲ್ಲ.

ಅಡುಗೆಕೋಣೆಯಲ್ಲಿ ಕುಂಬಳಕಾಯಿಯನ್ನು ಮೇಡಂ ಎಂದುಕೊಂಡು ಅಭ್ಯಾಸ ಮಾಡಿದೆ. ‘ನಮಸ್ಕಾರ ಮೇಡಂ, ನನ್ನ ಹೆಸರು ಸೌಂದರ್ಯ.’ ಚೆನ್ನಾಗಿ ಬಂತು. ರುಕ್ಮಿಣಮ್ಮ ಹಿಂದಿನಿಂದ "ಏನಂತಾರೆ ಮೇಡಂ? ಸಾಂಬಾರಿಗೆ ಬತ್ತಾರಾ?" ಎಂದರು.

ಮೇಷ್ಟ್ರಿಗೂ ಜ್ವರ ಹತ್ತಿದ ಹಾಗಿದೆ. ಪ್ರೇಯರ್‌ನಲ್ಲಿ ಕೂಗಿ ಹೇಳಿದರು. "ನಾಳೆ ಕಲ್ಲು ಅಂದ್ರೆ ಕಲ್ಲು! ಯಾರೂ ಅಲ್ಲಾಡಬಾರದು. ನಾನೇ ಬಂದು ಬಿಡ್ರೋ ಅಂದ್ರೂ ನಂಬಬಾರದು!"

ಜುಲೈ 30, ಬುಧವಾರ, ಸಂಜೆ

ಒಂದೇ ಉಸಿರಿಗೆ ಬರೆಯುತ್ತಿದ್ದೇನೆ. ಸಾಲು ಸೊಟ್ಟಗಾದರೆ ಆಗಲಿ.

ಮೇಡಂ ಬಂದರು. ದ್ರಾಕ್ಷಾಯಣಿ ಮೇಡಂ. ಗದರುವವರಲ್ಲ, ನಗುವವರು. ಅದು ಇನ್ನೂ ಕಷ್ಟ. ನಗುತ್ತಾ ಕೇಳುವವರಿಗೆ ಉತ್ತರ ಕೊಡಲೇಬೇಕು. ‘ನಮಸ್ಕಾರ’ ಬಾಯಿಯವರೆಗೂ ಬಂದು ವಾಪಸ್ ಹೋಯಿತು.

ಮಕ್ಕಳು ಓಡಿದರು. ತಟ್ಟೆ ಬಡಿದೆ. ಇಡೀ ಅಂಗಳ ಕಲ್ಲು. ಹಾಗೆ ಅವರು ಎಂದೂ ನಿಂತಿರಲಿಲ್ಲ. ಮೇಡಂ ಚಪ್ಪಾಳೆ ತಟ್ಟಿದರು, ಸುತ್ತ ನಡೆದು ನೋಡಿದರು, ಫೋಟೋ ತೆಗೆದರು.

"ತುಂಬಾ ಚೆನ್ನಾಗಿದೆ. ಆಯ್ತು, ಬಿಡಮ್ಮ ಈಗ."

ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

ಮೇಡಂ ನಂದಿತಾಳ ಮುಂದೆ ಬಗ್ಗಿದರು. "ಪುಟ್ಟಿ, ನಿನ್ನ ಹೆಸರೇನು?" ನಂದಿತಾ ಅಂಗೈ ನೋಡುತ್ತಲೇ ಇದ್ದಳು. "ಯಾಕ್ರೀ ಮೇಷ್ಟ್ರೇ, ಈ ಮಗುಗೆ ಮಾತು ಬರಲ್ವಾ?"

"ಏಯ್, ಸಾಕು ಬಿಡ್ರೋ!" ಎಂದರು ಮೇಷ್ಟ್ರು. ಒಂದು ರೆಪ್ಪೆಯೂ ಅಲ್ಲಾಡಲಿಲ್ಲ. "ನಾನು ಹೇಳ್ತಿದೀನಿ ಕಣ್ರೋ, ನಾನು!"

ಬಸವಣ್ಣ ತುಟಿ ಅಲ್ಲಾಡಿಸದೆ ನೆಲದಿಂದ ಹೇಳಿದ. "ನೀವು ಹೇಳಿದ್ರೂ ನಂಬಬ್ಯಾಡಿ ಅಂತ ನೀವೇ ಹೇಳಿದ್ರಿ ಸಾ."

"ಅದು ನೆನ್ನೆ ಕಣೋ! ಇದು ಇವತ್ತು!"

"ಇವತ್ತಿಗೇ ಅಂತ್ಲೇ ನೆನ್ನೆ ಹೇಳಿದ್ದು ಸಾ."

ರುಕ್ಮಿಣಮ್ಮ ಓಡಿಬಂದು ತಟ್ಟೆ ಬಡಿದರು. ತಟ್ಟೆ ಲೆಕ್ಕಕ್ಕಿಲ್ಲ. "ಹೇಳೇ ಸೌಂದರ್ಯ, ಒಂದು ಮಾತು ಕಣೇ, ನಿಂಗೆ ಕೈ ಮುಗಿತೀನಿ!" ಎಂದರು. ಮೇಕೆ ಬಂದು ನಂದಿತಾಳ ಜಡೆಯ ರಿಬ್ಬನ್ ಮೇಯತೊಡಗಿತು. ಅವಳು ಕನ್ನಡಿ ಬಿಡಲಿಲ್ಲ. ಮೇಡಂ ಮುಖದಲ್ಲಿ ನಗು ಹೋಗಿತ್ತು. ಗಡಿಯಾರ ನೋಡಿದರು, ಮೇಷ್ಟ್ರನ್ನು ನೋಡಿದರು, ಪುಸ್ತಕ ತೆರೆದು ಪೆನ್ನಿನ ಕ್ಯಾಪ್ ತೆಗೆದರು. ಆಯಿತು, ಒಬ್ಬರು ಸಾಕು ಎಂದು ಬರೆಯುತ್ತಾರೆ ಎಂದುಕೊಂಡೆ.

ಆಗ ಪುಟ್ಟರಾಜುವನ್ನು ನೋಡಿದೆ.

ಕೈ ಎರಡೂ ಮೇಲೆ, ಬೆಟ್ಟ ಹಾಗೇ ಇದೆ. ಚಡ್ಡಿ ಒದ್ದೆಯಾಗುತ್ತಿದೆ. ಕಾಲಿನಿಂದ ಇಳಿದು ಮಣ್ಣಿಗೆ ಹರಿಯುತ್ತಿದೆ. ಕೆಳತುಟಿ ನಡುಗುತ್ತಿದೆ. ಆದರೂ ಅಲ್ಲಾಡಲಿಲ್ಲ. ಕಣ್ಣು ಮಾತ್ರ ನನ್ನ ಮೇಲೆ.

"ಜೀವಾ!"

ಅದು ನನ್ನ ಗಂಟಲೇ? ಹೊಂಗೆ ಮರದ ಕಾಗೆಗಳೆಲ್ಲ ಎದ್ದವು. ಮೇಕೆ ರಿಬ್ಬನ್ ಸಮೇತ ಓಡಿತು. ಮೇಡಂ ಕೈಯಿಂದ ಪೆನ್ನು ಬಿತ್ತು. ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಪುಟ್ಟರಾಜು, ಬಾ ನನ್ ಕಂದ, ಏನಾಗಿಲ್ಲ! ಇಂದುಧರ, ಎದ್ದು ನೀರು ತಗೊಂಬಾ, ಬೇಗ! ನಂದಿತಾ, ಮೇಕೆ ಹಿಡಿಯೇ! ಮೇಡಂ, ನೀವು ಒಸಿ ಪಕ್ಕಕ್ಕೆ ಸರ್ಕೊಳಿ, ದಾರಿಗೆ ಅಡ್ಡ ನಿಂತಿದ್ದೀರ!"

ಮೇಡಂ ಸರಿದು ನಿಂತರು.

ಪುಟ್ಟರಾಜುವಿಗೆ ಕಾಲು ತೊಳೆದು, ನನ್ನ ಟವೆಲ್ ಸುತ್ತಿ ಕೂರಿಸುವವರೆಗೂ ಏನು ಹೇಳಿದೆ ಎಂದು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಸ್ಟೋರ್‌ರೂಮಿಗೆ ಹೋಗಿ ಅಕ್ಕಿ ಮೂಟೆಯ ಹಿಂದೆ ಕೂತೆ. ಜೀಪು ಹೋದ ಸದ್ದು ಕೇಳಿದ ಮೇಲೆ ಎದ್ದೆ.

ಜುಲೈ 31

ಬೆಳಿಗ್ಗೆ ಸೌಟು, ಏಪ್ರನ್ ಒಪ್ಪಿಸಿಬಿಡೋಣ ಎಂದು ಮಡಿಸಿಟ್ಟುಕೊಂಡು ಹೋದೆ. ಮೇಷ್ಟ್ರು ನಗುತ್ತಿದ್ದರು.

"ಇಬ್ಬರೂ ಇರ್ಲಿ ಅಂತ ಬರ್ಕೊಂಡು ಹೋದ್ರಮ್ಮ. ‘ಆ ಹುಡುಗಿ ಇಲ್ದಿದ್ರೆ ನಿಮ್ ಮಕ್ಕಳನ್ನ ಕಲ್ಲಿಂದ ಎಬ್ಬಿಸೋರು ಯಾರ್ರೀ?’ ಅಂದ್ರು. ಇನ್ನೂ ಏನೋ ಅಂದ್ರು."

"ಏನು ಸಾರ್?" ಎಂದೆ. ಎಂದುಬಿಟ್ಟೆ!

"ಯಾರೂ ಅವರಿಗೆ ಹಂಗೆ ಸರ್ಕೊಳಿ ಅಂದಿರ್ಲಿಲ್ವಂತೆ."

ನಿನ್ನೆಯ ಗೆಲುವು ಪುಟ್ಟರಾಜುವಿನದು ಎಂದು ಮಕ್ಕಳೇ ತೀರ್ಮಾನಿಸಿದರು. ತರಕಾರಿ ಹೇಳು ಎಂದೆ. "ಪಾಯಸ."

"ಪಾಯಸ ತರಕಾರಿ ಅಲ್ವಲ್ಲೋ."

ಬಹಳ ಯೋಚಿಸಿದ. "ಹಂಗಾರೆ ಕುಂಬಳಕಾಯಿ. ಆದ್ರೆ ಸಿಹೀದು."

ನಾನು ಅಭ್ಯಾಸ ಮಾಡಿದ ಮೇಡಂ ಕುಂಬಳಕಾಯಿಯನ್ನೇ ಹೆಚ್ಚಿ, ಬೆಲ್ಲ ಹಾಕಿ ಪಲ್ಯ ಮಾಡಿದೆವು.

ಆಗಸ್ಟ್ 3, ಭಾನುವಾರ, 10 ಗಂಟೆ

ರಜೆ. ಬೆಳಿಗ್ಗೆಯಿಂದ ಏನೂ ಕೆಲಸವಿಲ್ಲ. ಸಾವಧಾನವಾಗಿ ಬರೆಯೋಣ ಎಂದು ಕೂತೆ. ಮೊನ್ನೆಯಿಂದ ಒಂದು ಯೋಚನೆ — ಗಂಟಲಲ್ಲಿ ಇಷ್ಟು ದಿನ ಏನಿತ್ತು, ಅದು ಎಲ್ಲಿಗೆ

ಹೊರಗೆ ತಟ್ಟೆ ಸದ್ದು. ನಮ್ಮ ಮನೆಯ ತಟ್ಟೆಯೇ. ಜಗಲಿಯಿಂದ ಎತ್ತಿಕೊಂಡಿದ್ದಾರೆ. ಕಿಟಕಿಯಿಂದ ನೋಡಿದೆ. ನಂದಿತಾ ಕನ್ನಡಿ. ಪುಟ್ಟರಾಜು ಬೆಟ್ಟ. ರಸ್ತೆಯ ನಟ್ಟನಡುವೆ ಕಾಲು ಮಡಿಸಿ ಬಸವಣ್ಣ. ಅವನ ಮೂತಿಯ ಮುಂದೆ ಹಳೇಬೀಡಿನ ಬಸ್ಸು, ಬಿಡದೆ ಹಾರ್ನ್. ಕಂಡಕ್ಟರ್ ಇಳಿದು ಕೂಗುತ್ತಿದ್ದಾನೆ, "ಯಾರ್ ಮಗನ್ಲಾ ಇವ್ನು? ಯಾರ್ರೀ ಇವ್ನ ಎಬ್ಬಿಸೋರು?" ಬಸ್ಸಿನ ತುಂಬಾ ಜನ, ಎಲ್ಲ ಕಿಟಕಿಯಲ್ಲೂ ತಲೆ, ಎಲ್ಲರೂ ನಮ್ಮ ಮನೆ ಕಡೆಗೇ ನೋಡುತ್ತಿದ್ದಾರೆ. ಇರಿ, ಜೀವ ಕೊಟ್ಟು ಬರು