ಪಾಸ್‌ವರ್ಡ್ ಕೇಳದ ಕಿಟಕಿ

ಜೂನ್ 9, ಸೋಮವಾರ

ತಿಂಗಳ ಚೆಕಿಂಗ್. ಸಂಘದ ನಾಲ್ಕೂ ಶಾಖೆಗಳ ಕಂಪ್ಯೂಟರ್ ಪಟ್ಟಿ ತೆಗೆದೆ. ಹಾನಗಲ್ ಸರಿ. ಶಿಗ್ಗಾವಿ ಸರಿ. ನಮ್ಮ ಹಿರೇಕೆರೂರೂ ಸರಿ. ಸವಣೂರಿನಲ್ಲಿ ಮಾತ್ರ ಮೇ 28ಕ್ಕೆ ಲೇಬಲ್ ಪ್ರಿಂಟರಿನ ಸಾಫ್ಟ್‌ವೇರ್ ಹೊಸದಾಗಿ ಇನ್‌ಸ್ಟಾಲ್ ಆಗಿದೆ. ನಾನು ಮಾಡಿದ್ದಲ್ಲ. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಇಡೀ ಸಂಘದಲ್ಲಿ ಅದು ಗೊತ್ತಿರುವುದು ನನಗೊಬ್ಬಳಿಗೇ.

ಸವಣೂರಿನ ಆಪರೇಟರ್ ಮುನಾಫ್. ಐವತ್ತರ ಹತ್ತಿರ ವಯಸ್ಸು, ಹನ್ನೆರಡು ವರ್ಷದ ಸರ್ವಿಸ್. ಹೋದ ಸಲ ನಾನು ಅಲ್ಲಿ ಪಾಸ್‌ವರ್ಡ್ ಒತ್ತುವಾಗ ಹಿಂದೆಯೇ ನಿಂತಿದ್ದರು... ನೋಡಿಕೊಂಡರೇ?

ಮ್ಯಾನೇಜರ್ ಶಂಭುಲಿಂಗ ಸರ್‌ಗೆ ನಾಲ್ಕು ಸಾಲಿನ ರಿಪೋರ್ಟ್ ಬರೆದು ಕೊಟ್ಟೆ. ಬೇರೆ ಏನು ಮಾಡಲಿ.

ಜೂನ್ 10, ಮಂಗಳವಾರ

ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಎಂದು ಸರ್ ಬೆಳಿಗ್ಗೆಯೇ ಮುನಾಫ್‌ಗೆ ಹೇಳಿಬಿಟ್ಟರು. ಇಷ್ಟು ಬೇಗ ಆಗುತ್ತದೆ ಎಂದುಕೊಂಡಿರಲಿಲ್ಲ.

ಸರ್ ಹೆದರಿದ್ದರಲ್ಲಿ ತಪ್ಪಿಲ್ಲ. ನಮ್ಮದು ಬೀಜ ಬೆಳೆಯುವವರ ಸಂಘ. ಮೊಳಕೆ ಪರೀಕ್ಷೆಯ ಅಂಕಿಗಳೆಲ್ಲ ಆ ಕಂಪ್ಯೂಟರಿನಲ್ಲೇ ಇರುತ್ತವೆ. ಯಾರಾದರೂ ಒಳಹೊಕ್ಕು ಎಪ್ಪತ್ತನ್ನು ತೊಂಬತ್ತು ಮಾಡಿದರೆ ಚೀಲದ ಚೀಟಿಯಲ್ಲೂ ತೊಂಬತ್ತೇ ಅಚ್ಚಾಗುತ್ತದೆ. ಅದನ್ನು ನಂಬಿ ಬಿತ್ತುವವರು ಬಿತ್ತುತ್ತಾರೆ.

ಮಧ್ಯಾಹ್ನ ಮುನಾಫ್ ಫೋನ್. ಕೂಗಾಡಲಿಲ್ಲ. ಪ್ರಿಂಟರ್ ಕೆಟ್ಟಿತ್ತು, ಜನ ಪಾಳಿಯಲ್ಲಿ ನಿಂತಿದ್ದರು, ಸಾಫ್ಟ್‌ವೇರ್ ಹಾಕಿದ್ದು ತಾವೇ ಎಂದು ಒಪ್ಪಿಕೊಂಡರು. ಆದರೆ —

"ಪಾಸ್‌ವರ್ಡ್ ನನಗ ಗೊತ್ತಿಲ್ರಿ ಮೇಡಮ್ಮಾರ. ಅದು ಕೇಳಲೇ ಇಲ್ಲ. ವಿಪಿಎನ್ ಕಿಡಕಿಯೊಳಗಿಂದ ಹಾಕಿದೆ, ಸುಮ್ನ ಹಾಕ್ಕೊಂತು."

ಹಾಗೆಲ್ಲ ಆಗುವುದಿಲ್ಲ ಎಂದೆ. ಸ್ವಲ್ಪ ಗಡುಸಾಗಿಯೇ ಎಂದೆ.

ಫೋನ್ ಇಟ್ಟ ಮೇಲೆ ನೆನಪಾಯಿತು. ಮೇ 28ರಂದು ವಿಪಿಎನ್ ಕನೆಕ್ಟ್ ಆಗುತ್ತಿಲ್ಲ ಎಂದು ಅವರು ಫೋನ್ ಮಾಡಿದ್ದರು. ಶಾಖೆಯ ಕಂಪ್ಯೂಟರಿಗೂ ಇಲ್ಲಿನ ಸರ್ವರಿಗೂ ನಡುವೆ ಯಾರೂ ಇಣುಕದಂತೆ ಕೊಂಡಿ ಹಾಕುವುದು ಅದೇ ಸಾಫ್ಟ್‌ವೇರ್. ಅದರ ಲಾಗ್, ಅಂದರೆ ಅದು ತಾನೇ ಬರೆದಿಟ್ಟುಕೊಳ್ಳುವ ದಾಖಲೆ, ತೆರೆದು, ಸೇವ್ ಮಾಡಿ, ವಾಟ್ಸಾಪ್ ಮಾಡಿ ಅಂದವಳು ನಾನೇ.

ಹಾಗಾದರೆ ಆ ಕಿಟಕಿ ತೆರೆಸಿದ್ದು ನಾನು.

ಜೂನ್ 12, ಗುರುವಾರ

ಬೆಳಗಿನ ಬಸ್ಸಿಗೆ ಹಾವೇರಿ, ಅಲ್ಲಿಂದ ಸವಣೂರು. ಬಸ್‌ಸ್ಟ್ಯಾಂಡಿನಿಂದಲೇ ಮುನಾಫ್‌ಗೆ ಫೋನ್ ಮಾಡಿ ಶಾಖೆಗೆ ಬರಲು ಹೇಳಿದೆ. ಬಂದರು, ಒಳಗೆ ಕಾಲಿಡಲೊಲ್ಲರು. ಸರ್ ಬರಬೇಡಿ ಅಂದಿದ್ದಾರಲ್ಲ. ಹೊಸ್ತಿಲ ಹೊರಗೆ ಕುರ್ಚಿ ಹಾಕಿಸಿದೆ. ಅವರು ಅಲ್ಲಿಂದ ಹೇಳುತ್ತ ಹೋದರು, ನಾನು ಒಳಗೆ ಒತ್ತುತ್ತ ಹೋದೆ.

ಪರೀಕ್ಷೆಗೆಂದು ಹೊಸದೊಂದು ಸಾಮಾನ್ಯ ಲಾಗಿನ್ ಮಾಡಿಕೊಂಡಿದ್ದೆ. ಯಾವ ಅಧಿಕಾರವೂ ಇಲ್ಲದ್ದು. ವಿಪಿಎನ್ ತೆರೆದೆ. ಲಾಗ್. ಸೇವ್. ಫೈಲ್ ಎಲ್ಲಿ ಇಡಲಿ ಎಂದು ಕೇಳುವ ಸಣ್ಣ ಕಿಟಕಿ ಬಂತು. ಅದರೊಳಗೆ ನನ್ನ ಅಡ್ಮಿನ್ ಫೋಲ್ಡರ್ ಕಾಣುತ್ತಿದೆ. ಸಾಮಾನ್ಯ ಲಾಗಿನ್ನಿಗೆ ಅದು ಕಾಣಲೇಬಾರದು.

ಮೌಸಿನ ಬಲಗಡೆ ಬಟನ್ ಒತ್ತಲು ಹೇಳಿದರು ಮುನಾಫ್. ಒತ್ತಿದೆ. ಅಲ್ಲಿಂದಲೇ ಕಮಾಂಡ್ ತೆರೆದು, ಈಗ ನಾನು ಯಾರ ಹೆಸರಿನಲ್ಲಿ ಕೂತಿದ್ದೇನೆ ಎಂದು ಕಂಪ್ಯೂಟರನ್ನೇ ಕೇಳಿದೆ.

ಸಿಸ್ಟಮ್ ಎಂದಿತು. ಅಡ್ಮಿನ್‌ಗಿಂತ ಮೇಲೆ. ಅದರ ಮೇಲೆ ಯಾರೂ ಇಲ್ಲ.

ಮುಚ್ಚಿ ಮತ್ತೆ ಮಾಡಿದೆ. ಐದು ಸಲ. ಐದೂ ಸಲ ಅದೇ. ವಿಪಿಎನ್ ಪೂರ್ತಿ ಅಧಿಕಾರದಲ್ಲಿ ಓಡುತ್ತದೆ, ಅದು ಓಡಬೇಕಾದ್ದೇ ಹಾಗೆ. ಆದರೆ ತಾನು ತೆರೆದ ಕಿಟಕಿಗೂ ಅದೇ ಅಧಿಕಾರ ಕೊಟ್ಟುಬಿಡುತ್ತದೆ. ಆ ಕಿಟಕಿಯಿಂದ ಯಾರು ಏನು ತೆರೆದರೂ ಪಾಸ್‌ವರ್ಡ್ ಕೇಳುವುದಿಲ್ಲ. ಮುನಾಫ್ ತೆರೆದದ್ದು ಪ್ರಿಂಟರ್ ಸಾಫ್ಟ್‌ವೇರ್. ಬೇರೆ ಯಾರಾದರೂ ಆಗಿದ್ದರೆ...

ಹೊರಗೆ ಹೋಗಿ ಅವರ ಎದುರು ನಿಂತು ತಪ್ಪಾಯಿತು ಎಂದೆ. ಸಂಶಯ ಪಟ್ಟೆ, ನನ್ನದು ತಪ್ಪು ಅಂದೆ. ಅವರು ಕುರ್ಚಿಯಿಂದ ಎದ್ದರು.

"ಸಂಶಯ ಬಂದದ್ದು ತಪ್ಪಲ್ರಿ ಮೇಡಮ್ಮಾರ. ನನ್ನ ಒಂದು ಮಾತು ಕೇಳಲಾರದ ಬರದು ಕೊಟ್ರಲ್ರಿ, ಅದು ಮನಸ್ಸಿಗೆ ತ್ರಾಸ ಆತು."

ಹೌದು ಎಂದಷ್ಟೇ ಅಂದೆ. ಹೊರಡುವಾಗ ಅವರೇ ಬಸ್‌ಸ್ಟ್ಯಾಂಡಿನ ತನಕ ಬಂದರು. ಅವ್ವನಿಗೆಂದು ಒಂದು ಕಟ್ಟು ವೀಳ್ಯದೆಲೆ, ನನಗೆ ತಿನ್ನಲು ಸವಣೂರು ಖಾರದ ಪ್ಯಾಕೆಟ್. ಎರಡನ್ನೂ ಚೀಲಕ್ಕೆ ಹಾಕಿಕೊಂಡೆ.

ಜೂನ್ 13, ಶುಕ್ರವಾರ

ಸರ್ ಎದುರಿಗೇ ನಮ್ಮ ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದೆ. ಇಲ್ಲೂ ತೆರೆಯಿತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಮಾಡಿಸಿದರು. ತಕ್ಷಣ ಮುನಾಫ್‌ಗೆ ಫೋನ್ ಹಚ್ಚಿದರು. ಸೋಮವಾರದಿಂದ ಬರ್ರಿ ಅಂದರು. ತಪ್ಪು ತಿಳಿದೆವು ಅಂತ ಪತ್ರದಲ್ಲೂ ಬರೆದು ಕೊಡುತ್ತೇನೆ ಅಂದರು. ಮನುಷ್ಯ ಗಡಿಬಿಡಿಯವರು, ಆದರೆ ತಪ್ಪನ್ನು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡುವುದಿಲ್ಲ.

ತಕರಾರು ಬಂದದ್ದು ಆಮೇಲೆ. ವಿಪಿಎನ್ ಮಾಡಿದ ಕಂಪನಿಗೆ ಬರೆಯುತ್ತೇನೆ ಎಂದಾಗ.

"ಬ್ಯಾಡ ಯಶೋಧರಾ. ಸಂಘದ ಕಂಪ್ಯೂಟರ್ ಸಡ್ಲ ಅದಾವು ಅಂತ ಊರೆಲ್ಲ ಸುದ್ದಿ ಆಕ್ಕೈತಿ. ನಮ್ಮದಷ್ಟ ಸರಿ ಮಾಡ್ಕೊ, ಸುಮ್ನಿರು."

"ಇದು ನಮ್ಮಲ್ಲಷ್ಟ ಇಲ್ರಿ ಸರ್. ಎಷ್ಟು ದವಾಖಾನಿ, ಎಷ್ಟು ಆಫೀಸಿನಾಗ ಐತೋ. ಅಲ್ಲೂ ಒಬ್ಬ ಮುನಾಫ್ ಇರ್ತಾರಲ್ರಿ, ಅವರನ್ನೂ ಮನೀಗೆ ಕಳಸ್ತಾರ."

ಸರ್ ಚಹಾ ತರಿಸಿದರು. ಕುಡಿದ ಮೇಲೆ, ಬರೆ, ಆದರೆ ಮೊದಲು ನನಗೆ ತೋರಿಸು ಅಂದರು.

ಜೂನ್ 19, ಗುರುವಾರ

ಮೂರು ದಿನ ಬಸ್ಸಿನಲ್ಲೇ. ಸವಣೂರು, ಹಾನಗಲ್, ಶಿಗ್ಗಾವಿ. ಎಲ್ಲ ಕಡೆ ಲಾಗ್ ಕಿಟಕಿ ತೆರೆಯದಂತೆ ಬಂದ್ ಮಾಡಿದೆ. ಕಂಪನಿ ಸರಿ ಮಾಡುವ ತನಕ ಇಷ್ಟೇ ದಾರಿ. ನಾಲ್ಕೂ ಕಡೆಯ ಅಂಕಿಗಳನ್ನು ಕಾಗದದ ರಜಿಸ್ಟರಿನ ಜೊತೆ ಹೋಲಿಸಿದೆ. ಒಂದೂ ಬದಲಾಗಿಲ್ಲ. ಎದೆ ಹಗುರಾಯಿತು.

ಬಂಕಾಪುರದ ಹತ್ತಿರ ಬಸ್ ನಿಂತಾಗ ನವಿಲಿನ ಕೂಗು. ಸೀಟಿನಲ್ಲಿ ಕೂತೇ ಮೇಲ್ ಬರೆದು ಮುಗಿಸಿದೆ. ಸರ್ ಎರಡು ಸ್ಪೆಲಿಂಗ್ ತಿದ್ದಿದರು. ಸಂಜೆ ನಾಲ್ಕಕ್ಕೆ ಕಳಿಸಿದೆ.

ಜುಲೈ 3, ಗುರುವಾರ

ಕಂಪನಿಯ ಉತ್ತರ. ಮೂರೇ ಸಾಲು. ಕಂಪ್ಯೂಟರಿನ ಎದುರು ಕೂತವರು ಮಾತ್ರ ಮಾಡಬಹುದಾದ್ದರಿಂದ ಇದನ್ನು ದೋಷವೆಂದು ಪರಿಗಣಿಸಲಾಗದಂತೆ. ಧನ್ಯವಾದಗಳಂತೆ.

ಸಿಟ್ಟಿಗೆ ಊಟ ಸೇರಲಿಲ್ಲ. ಎದುರು ಕೂರುವವರು ಯಾರು ಅಂತ ಇವರಿಗೆ ಗೊತ್ತೇ? ಸೀಸನ್ನಿನಲ್ಲಿ ನಮ್ಮ ಕೌಂಟರಿಗೆ ಎರಡೆರಡು ತಿಂಗಳಿಗೆ ಹೊಸಬರು ಬರುತ್ತಾರೆ. ಅವರಿಗೆ ಕಡಿಮೆ ಅಧಿಕಾರದ ಲಾಗಿನ್ ಕೊಡುವುದೇ ಅದಕ್ಕೆ.

ಮುನಾಫ್‌ಗೆ ಹೇಳಿದೆ. ನಕ್ಕರು. ಬರೆದರೆ ನಂಬುವುದಿಲ್ಲ, ತೋರಿಸಬೇಕು ಅಂದರು. ಬಂದ್ ಮಾಡಿದ್ದ ಲಾಗ್ ಕಿಟಕಿಯನ್ನು ಅವರಿಗಾಗಿ ಇಲ್ಲಿಂದಲೇ ಅರ್ಧ ಗಂಟೆ ಬಿಟ್ಟುಕೊಟ್ಟೆ. ಸಂಜೆಯೊಳಗೆ ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಿದರು. ಎರಡು ನಿಮಿಷ ಹತ್ತು ಸೆಕೆಂಡ್. ಮಾತಿಲ್ಲ. ಬರೀ ಅವರ ಬೆರಳು, ಸ್ಕ್ರೀನು. ಇದಕ್ಕಿಂತ ಚೆನ್ನಾಗಿ ನಾನು ಮಾಡುತ್ತಿರಲಿಲ್ಲ. ಹಾಗೇ ಲಗತ್ತಿಸಿ ಮತ್ತೆ ಬರೆದೆ.

ಆಗಸ್ಟ್ 21, ಗುರುವಾರ

ಏಳು ವಾರ ಮೌನ. ಇವತ್ತು ಫೋನ್! ಅಂಕಿತಾ ಅಂತ, ಕಂಪನಿಯ ಸೆಕ್ಯುರಿಟಿ ವಿಭಾಗದವರು. ಕನ್ನಡದವರೇ. ಮೊದಲು ಕ್ಷಮೆ ಕೇಳಿದರು. ಆ ವಿಡಿಯೊ ನೋಡಿ ತಮ್ಮಲ್ಲೂ ಮಾಡಿದರಂತೆ, ತೆರೆಯಿತಂತೆ. ದೋಷ ಗಂಭೀರದ್ದೇ. ಅಕ್ಟೋಬರಿನಲ್ಲಿ ಹೊಸ ಆವೃತ್ತಿ ಬರುತ್ತದೆ. ಅದರ ಜೊತೆ ಪ್ರಕಟಣೆ, ಕಂಡುಹಿಡಿದವರ ಹೆಸರೂ ಹಾಕುತ್ತಾರೆ. ಯಾರ ಹೆಸರು ಹಾಕಲಿ ಎಂದರು.

ಯಶೋಧರಾ ಮೈಲಾರಪ್ಪ ಎಂದೆ. ಕಾಗುಣಿತ ಬಿಡಿಸಿ ಹೇಳಿದೆ. ಮನೆಗೆ ಬಂದು ಅಪ್ಪನಿಗೆ ಹೇಳಿದರೆ, ನನ್ನ ಹೆಸರೂ ಬರ್ತೈತೇನ ಎಂದು ಎರಡು ಸಲ ಕೇಳಿದ. ಮಾಸೂರಿನ ಗದ್ದೆಯಲ್ಲಿ ಕಳೆ ಕಿತ್ತು ಆಗಷ್ಟೇ ಬಂದಿದ್ದ. ಕೈಕಾಲು ತೊಳೆಯುವುದನ್ನೇ ಮರೆತು ನಿಂತಿದ್ದ.

ಬಹಳ ಖುಷಿ.

ಆಗಸ್ಟ್ 22, ಶುಕ್ರವಾರ

ಖುಷಿ ಬೆಳಗಿನ ತನಕವೂ ಉಳಿಯಲಿಲ್ಲ. ಕಂಡುಹಿಡಿದದ್ದು ನಾನೇ? ನಾನು ಕಂಡುಹಿಡಿದದ್ದು ಕಳ್ಳನನ್ನು. ಅವರು ಕಳ್ಳ ಆಗಿರಲೂ ಇಲ್ಲ. ಕಿಟಕಿ ಕಂಡವರು ಮುನಾಫ್. ನಿನ್ನೆ ಫೋನಿನಲ್ಲಿ ಅವರ ಹೆಸರು ಬಾಯಿಗೆ ಬಂದಿತ್ತು. ನುಂಗಿದೆ. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ.

ಆಫೀಸಿಗೆ ಹೋದವಳೇ ಅಂಕಿತಾಗೆ ಬರೆದೆ. ಮೊದಲ ಹೆಸರು ಮುನಾಫ್, ಎರಡನೆಯದು ನನ್ನದು. ಹತ್ತು ನಿಮಿಷದಲ್ಲಿ ಉತ್ತರ: ಆಗಲಿ.

ಅಪ್ಪನಿಗೆ ಹೇಳುವುದೇ ಕಷ್ಟ ಎಂದುಕೊಂಡಿದ್ದೆ. ಅವನು, ನನ್ನ ಹೆಸರು ಅಳಿಸಿಲ್ಲ ಹೌದಲ್ಲ ಎಂದಷ್ಟೇ ಕೇಳಿದ.

ಅಕ್ಟೋಬರ್ 9, ಗುರುವಾರ

ಬಂತು. ದೋಷಕ್ಕೊಂದು ನಂಬರ್, ಕೆಳಗೆ ನಮ್ಮಿಬ್ಬರ ಹೆಸರು. ಸಂಘದ ಹೆಸರು ಇಲ್ಲದ್ದಕ್ಕೆ ಈಗ ಸರ್‌ಗೇ ಬೇಜಾರು. ನಾಲ್ಕೂ ಶಾಖೆಗೆ ಹೊಸ ಆವೃತ್ತಿ ಹಾಕಿ ಪರೀಕ್ಷಿಸಿದೆ. ಕಿಟಕಿ ತೆರೆಯುತ್ತದೆ, ಲಾಗ್ ಸೇವ್ ಆಗುತ್ತದೆ, ಬೇರೆ ಏನನ್ನೂ ತೆರೆಯಗೊಡುವುದಿಲ್ಲ.

ಮುನಾಫ್‌ಗೆ ಫೋನಿನಲ್ಲೇ ಓದಿ ಹೇಳಿದೆ. ಇನ್ನೊಮ್ಮೆ ಓದಲು ಹೇಳಿದರು. ಆಮೇಲೆ, ಮನೆಯವರನ್ನು ಕರೆದುಕೊಂಡು ಭಾನುವಾರ ಬರುತ್ತೇನೆ ಅಂದರು.

ಅಕ್ಟೋಬರ್ 12, ಭಾನುವಾರ, ಮಧ್ಯಾಹ್ನ 1

ಬಂದಿದ್ದಾರೆ. ಮುನಾಫ್, ಅವರ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಅಪ್ಪ ಪ್ರಕಟಣೆಯ ಪ್ರಿಂಟ್ ಅಂಗಿಯ ಕಿಸೆಯಿಂದ ತೆಗೆದು ತೋರಿಸಿ ಆಯಿತು. ಮಡಿಕೆಯಲ್ಲಿ ಆಗಲೇ ಹರಿದಿದೆ. ಈಗ ಅಪ್ಪ, ಮುನಾಫ್ ಇಬ್ಬರದೂ ಪಡಸಾಲೆಯಲ್ಲಿ ಮೆಕ್ಕೆಜೋಳದ ಮಾತು.

ಅವ್ವ ಬೆಳಗಿನಿಂದ ಒಲೆ ಬಿಟ್ಟು ಎದ್ದಿಲ್ಲ. ಮುನಾಫ್ ಹೆಂಡತಿ ತಾವೂ ರೊಟ್ಟಿ ಬಡಿಯುತ್ತೇನೆ ಎಂದು ಪಕ್ಕದಲ್ಲೇ ಕೂತಿದ್ದಾರೆ. ಕೆಲಸದಿಂದ ಮನೆಗೆ ಕಳಿಸಿದ್ದ ಆ ವಾರ ಇವರು ಉಂಡೇ ಇರಲಿಲ್ಲ ಎಂದು ಈಗಷ್ಟೇ ಅವ್ವನ ಎದುರು ಹೇಳಿದರು. ನನಗೆ ಕೇಳಿಸಿತು ಅಂತ ಗೊತ್ತಾಗಿ ನಕ್ಕು, ಬಾ ಎಂದು ಕೈ ಮಾಡಿದರು. ಹೋಗದೆ ಇಲ್ಲಿ ಬಂದು ಬರೆಯುತ್ತಿದ್ದೇನೆ, ಕಣ್ಣು ಒರೆಸಿಕೊಂಡು

ಅವ್ವ ಕೂಗುತ್ತಿದ್ದಾಳೆ. ಎಲ್ಲರೂ ಕೂತಿದ್ದಾರಂತೆ, ನಾನೊಬ್ಬಳೇ